ಗಾಡಿ ಹಿಂದೆ ಗಾಡಿ: ಮೈಸೂರು–ಮಂಡ್ಯ ರಸ್ತೆಗಳಲ್ಲಿ ಕಾರು ಎಳೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾರವಾನ್ (ಮನೆಯಂತೆ ಸೌಕರ್ಯವಿರುವ ಗಾಡಿ) ಹಿಂದೆ ಸಣ್ಣ ಕಾರು ಕಟ್ಟಿಕೊಂಡು ಊಟಿಗೆ ಹೊರಡಬೇಕು ಅನ್ನುವವರಿಂದ ಹಿಡಿದು, ಮದ್ದೂರು ಬೈಪಾಸಿನಲ್ಲಿ ಕೆಟ್ಟು ನಿಂತ ಕಾರನ್ನು ಭಾವನ ಬೊಲೆರೊಗೆ ಹಗ್ಗ ಹಾಕಿ ತಂದುಬಿಡೋಣ ಅನ್ನುವವರವರೆಗೆ ಎಲ್ಲರೂ ಕೇಳುವುದು ಎರಡೇ ವಿಷಯ. ಯಾರಿಗೂ ಪೆಟ್ಟಾಗದಂತೆ ಎಳೆಯುವುದು ಹೇಗೆ? ಪೆಟ್ಟಾದರೆ ಹೊಣೆ ಯಾರದು? ಹೆಚ್ಚಿನವರು ಹಿಂದಿನ ಗಾಡಿಯನ್ನು ಸಾಮಾನಿನಂತೆ ನೋಡುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ಹಗ್ಗ ಬಿಗಿದ ಗಳಿಗೆಯಿಂದ ರಸ್ತೆಯಲ್ಲಿರುವುದು ಎರಡು ಗಾಡಿ, ಇಬ್ಬರು ಚಾಲಕರು, ಎರಡು ಇನ್ಶೂರೆನ್ಸ್. ಕೆಳಗಿನ ಉತ್ತರಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಕ್ಯಾರವಾನ್ ಹಿಂದೆ ನಮ್ಮ ಕಾರನ್ನು ಕಟ್ಟಿಕೊಂಡು ಹೋಗಬಹುದೇ? ಅಮೆರಿಕದ ವಿಡಿಯೊಗಳಲ್ಲಿ ಎಲ್ಲರೂ ಹೀಗೇ ಹೋಗುತ್ತಾರಲ್ಲ?

ಅಮೆರಿಕದಲ್ಲಿ ಮೋಟರ್‌ಹೋಮ್ ಹಿಂದೆ ಕಾರನ್ನು ನಾಲ್ಕೂ ಚಕ್ರದ ಮೇಲೆ ಎಳೆದುಕೊಂಡು ಹೋಗುವುದು ಮಾಮೂಲಿ. ಅದಕ್ಕೆಂದೇ ಉಕ್ಕಿನ ಟೋ ಬಾರ್, ಬಾರ್ ಕಳಚಿದರೆ ಹಿಡಿದುಕೊಳ್ಳಲು ಸೇಫ್ಟಿ ಚೈನು, ಮುಂದಿನ ಗಾಡಿ ಬ್ರೇಕ್ ಹಿಡಿದಾಗ ಹಿಂದಿನ ಕಾರಿನ ಬ್ರೇಕನ್ನೂ ಒತ್ತುವ ಬೇರೆಯದೇ ಸಾಧನ, ಹಿಂದಿನ ದೀಪಗಳಿಗೆ ವೈರಿಂಗ್ ಎಲ್ಲ ಅಲ್ಲಿ ಅಂಗಡಿಯಲ್ಲಿ ಸಿಗುತ್ತವೆ. ಹಿಂದಿನ ಕಾರಿನಲ್ಲಿ ಯಾರೂ ಕೂತಿರುವುದಿಲ್ಲ.

ನಮ್ಮಲ್ಲಿ ಹೀಗೆ ಹೋಗಲು ಅವಕಾಶವಿಲ್ಲ. 1989ರ ರಸ್ತೆ ನಿಯಮಗಳಲ್ಲಿದ್ದು, ಅವುಗಳ ಜಾಗಕ್ಕೆ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲೂ ಮುಂದುವರಿದ ನಿಯಮ ಹೀಗಿದೆ: ಮೋಟಾರು ಗಾಡಿಯೊಂದು ಎಳೆಯಬಹುದಾದ್ದು ಕೆಟ್ಟು ನಿಂತ ಗಾಡಿಯನ್ನು, ಪೂರ್ತಿ ಜೋಡಣೆಯಾಗದ ಗಾಡಿಯನ್ನು, ನೋಂದಣಿಯಾದ ಟ್ರೇಲರನ್ನು ಅಥವಾ ಸೈಡ್‌ಕಾರನ್ನು. ಚೆನ್ನಾಗಿ ಓಡುವ ಕಾರು ಈ ಪಟ್ಟಿಯಲ್ಲಿ ಇಲ್ಲ. ಎಳೆಸಿಕೊಳ್ಳುವ ಗಾಡಿಯ ಸ್ಟೀರಿಂಗ್ ಮುಂದೆ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲದಿದ್ದರೆ ಅದರ ತಿರುಗುವ ಚಕ್ರಗಳು ನೆಲ ಬಿಟ್ಟು ಕ್ರೇನಿನ ಮೇಲೆ ಭದ್ರವಾಗಿರಬೇಕು. ಹೊರದೇಶದಿಂದ ಟೋ ಬಾರ್ ತರಿಸಿ ಹಾಕಿಸಿಕೊಂಡರೂ ಇದು ಬದಲಾಗುವುದಿಲ್ಲ. ಅಪಘಾತವಾದ ದಿನ ಇನ್ಶೂರೆನ್ಸ್ ಕಂಪನಿಯ ವಕೀಲರು ಮೊದಲು ಎತ್ತುವ ಮಾತೂ ಇದೇ ಆಗಿರುತ್ತದೆ.

ಹಾಗಾದರೆ ಕಾರನ್ನು ಟ್ರೇಲರ್ ಮೇಲೆ ಹತ್ತಿಸಿಕೊಂಡು ಹೋದರೆ?

ದಾರಿ ಇರುವುದು ಅದೊಂದೇ. ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಟ್ರೇಲರ್ ನಡೆಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೂ ನೋಂದಣಿ ಬೇಕು, ನಂಬರ್ ಪ್ಲೇಟ್ ಬೇಕು, ಇನ್ಶೂರೆನ್ಸ್ ಬೇಕು. ನಿಮ್ಮದು ಖಾಸಗಿ ಕಾರಿನ ಪಾಲಿಸಿಯಾದರೆ ಟ್ರೇಲರಿಗೆಂದೇ ಐಎಂಟಿ 30 ಎಂಬ ಸೇರ್ಪಡೆ ಇದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಅದು ಪಾಲಿಸಿ ಹಾಳೆಯಲ್ಲಿ ಅಚ್ಚಾಗಿದೆಯೇ ಎಂದು ಕಣ್ಣಾರೆ ನೋಡಿ. ಏಜೆಂಟರು ಬಾಯಲ್ಲಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಎಳೆಯುವ ಗಾಡಿಗೆ ಅಷ್ಟು ಭಾರ ಎಳೆಯುವ ತಾಕತ್ತನ್ನು ತಯಾರಕರು ಕೊಟ್ಟಿದ್ದಾರೆಯೇ ಎಂದು ಮ್ಯಾನುಯಲ್‌ನಲ್ಲಿ ನೋಡಬೇಕು. ಎಂಜಿನ್ ಎಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ಬ್ರೇಕು ನಿಲ್ಲಿಸುತ್ತದೆ ಎಂದುಕೊಳ್ಳಬೇಡಿ. ಟ್ರೇಲರ್, ಅದರ ಮೇಲಿನ ಕಾರು ಸೇರಿ ಒಂದೂವರೆ ಟನ್ ಆಯಿತೆಂದರೆ ಇಳಿಜಾರಿನಲ್ಲಿ ಆ ಒಂದೂವರೆ ಟನ್ನು ಹಿಂದಿನಿಂದ ನಿಮ್ಮನ್ನು ತಳ್ಳುತ್ತಿರುತ್ತದೆ.

ಬಾಡಿಗೆಗೆ ತಂದ ಕ್ಯಾರವಾನ್‌ಗೆ ಟ್ರೇಲರ್ ಸಿಕ್ಕಿಸಬಹುದೇ?

ಬೇಡ. ಕಮರ್ಷಿಯಲ್ ಗಾಡಿಗಳ ಮಾಮೂಲಿ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವಿರುತ್ತದೆ. ಟ್ರೇಲರ್ ಎಳೆಯುವಾಗ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಹಣ ತೆಗೆದುಕೊಳ್ಳದೆ ಕೆಟ್ಟು ನಿಂತ ಒಂದೇ ಒಂದು ಗಾಡಿಯನ್ನು ಎಳೆಯುವುದಕ್ಕೆ ಮಾತ್ರ ವಿನಾಯಿತಿ. ಮಾಲೀಕರು ಟ್ರೇಲರನ್ನು ಪಾಲಿಸಿಗೆ ಸೇರಿಸಿಸಿ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರೆ ಬೇರೆ ಮಾತು.

ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗಿದರೆ ಏನು ಮಾಡಬೇಕು?

ಓಲಾಟಕ್ಕೆ ಮುಖ್ಯ ಕಾರಣ ಭಾರವೆಲ್ಲ ಟ್ರೇಲರಿನ ಹಿಂಭಾಗಕ್ಕೆ ಬಿದ್ದಿರುವುದು. ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಕಾರನ್ನು ಹತ್ತಿಸುವಾಗ ಎಂಜಿನ್ ಇರುವ ಮೂತಿ ಮುಂದಕ್ಕಿರಲಿ. ಎಲ್ಲಿ ನಿಲ್ಲಿಸಿದರೆ ಕೊಂಡಿಯ ಮೇಲೆ ಹದವಾದ ಭಾರ ಬೀಳುತ್ತದೆಂದು ನೋಡಿ ಅಲ್ಲಿ ಗುರುತು ಹಾಕಿಕೊಳ್ಳಿ.

ಓಲಾಟ ಶುರುವಾದಾಗ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಟ್ರೇಲರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟೀರಿಂಗನ್ನು ನೇರ ಹಿಡಿದಿರಿ, ಓಲಾಟಕ್ಕೆ ತಕ್ಕಂತೆ ಎಡ ಬಲ ತಿರುಗಿಸಲು ಹೋಗಬೇಡಿ. ವೇಗ ಇಳಿದಂತೆ ಅದೇ ಸರಿಹೋಗುತ್ತದೆ.

ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿ ಅಥವಾ ವಯನಾಡಿಗೆ ಹೋಗುವುದಾದರೆ?

ಬಂಡೀಪುರದೊಳಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಉದ್ದ ಗಾಡಿ ನಿಧಾನವಾಗಿ ಸಾಗುತ್ತದೆ, ಸಂಜೆಯ ಲೆಕ್ಕ ತಪ್ಪಿದರೆ ಗೇಟಿನಲ್ಲೇ ಬೆಳಗು ಕಾಯಬೇಕು. ಕಾಡಿನ ನಡುವೆ ಗಾಡಿ ಕೆಟ್ಟರೆ ಇಳಿದು ಹಗ್ಗ ಕಟ್ಟುವ ಸಾಹಸ ಬೇಡ. ಬಾಗಿಲು ಹಾಕಿಕೊಂಡು ಕೂತು, ಹಾದುಹೋಗುವ ಗಾಡಿಯವರ ಮೂಲಕ ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸಿ. ಮಸಿನಗುಡಿ–ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಟ್ರೇಲರ್ ಇದ್ದವರು ಆ ದಾರಿಯನ್ನು ಮರೆತುಬಿಡಿ.

ಬೆಂಗಳೂರು–ಮೈಸೂರು ಹೆದ್ದಾರಿಯ ಮಧ್ಯೆ ಕಾರು ನಿಂತುಹೋಯಿತು. ಮೊದಲು ಏನು ಮಾಡಬೇಕು?

ಕಾರಿಗೆ ಇನ್ನೂ ವೇಗವಿರುವಾಗಲೇ ಎಡಕ್ಕೆ ಸರಿದು ಅಂಚಿಗೆ ತನ್ನಿ. ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಎಡಬದಿಯ ಬಾಗಿಲಿಂದ ಇಳಿದು ಕಬ್ಬಿಣದ ತಡೆಯ ಆಚೆ ನಿಲ್ಲಿ. ಮಕ್ಕಳು, ವಯಸ್ಸಾದವರು ಕಾರಿನೊಳಗೇ ಕೂತಿರಲಿ ಅನ್ನಬೇಡಿ. ಕೆಂಪು ತ್ರಿಕೋನವನ್ನು ಕಾರಿನ ಹಿಂಭಾಗಕ್ಕೆ ಒರಗಿಸಿಟ್ಟರೆ ಏನೂ ಪ್ರಯೋಜನವಿಲ್ಲ. ತಡೆಯ ಆಚೆಯಿಂದಲೇ ಹಿಂದಕ್ಕೆ ನಡೆದುಹೋಗಿ ಸಾಕಷ್ಟು ದೂರದಲ್ಲಿ ಇಡಬೇಕು. ಆಮೇಲೆ ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ 112 ಅಥವಾ 108.

ಸುಮಾರು 119 ಕಿ.ಮೀ.ನ ಈ ರಸ್ತೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಹಳೆಯ ರಸ್ತೆಯಲ್ಲಿ ಕಾರು ಕೆಟ್ಟರೆ ಹತ್ತು ಹೆಜ್ಜೆಗೆ ಟೀ ಅಂಗಡಿ, ಅಲ್ಲೇ ಒಬ್ಬ ಮೆಕ್ಯಾನಿಕ್ ಸಿಗುತ್ತಿದ್ದರು. ಬೈಪಾಸುಗಳಲ್ಲಿ ಎರಡೂ ಕಡೆ ಬೇಲಿ, ಇಳಿಯುವ ದಾರಿ ದೂರ. ಆದ್ದರಿಂದ ಹೊರಡುವ ಮೊದಲೇ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ (ಕೆಟ್ಟು ನಿಂತಲ್ಲಿಗೇ ಬಂದು ನೆರವಾಗುವ ಸೇವೆ) ಇದೆಯೇ ನೋಡಿ ಆ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ಹೆದ್ದಾರಿಯ ಮುಖ್ಯ ರಸ್ತೆಯಲ್ಲೇ ಹಗ್ಗ ಹಾಕಿ ನಿಧಾನಕ್ಕೆ ಎಳೆದುಕೊಂಡು ಬಂದರೆ ಆಗದೇ?

ಖಂಡಿತ ಬೇಡ. ಅಲ್ಲಿ ಕಾರುಗಳು ಗಂಟೆಗೆ 100 ಕಿ.ಮೀ.ನಲ್ಲಿ ಬರುತ್ತಿರುತ್ತವೆ. ನೀವು ಹಗ್ಗ ಕಟ್ಟಿಕೊಂಡು 20ರಲ್ಲಿ ಹೋಗುತ್ತಿದ್ದರೆ, ಹಿಂದಿನವರು ನಿಮ್ಮತ್ತ ಸೆಕೆಂಡಿಗೆ 22 ಮೀಟರಿನಂತೆ ನುಗ್ಗುತ್ತಿರುತ್ತಾರೆ. ನೂರು ಮೀಟರ್ ಅಂತರ ಮುಗಿಯಲು ಐದು ಸೆಕೆಂಡೂ ಬೇಕಿಲ್ಲ. ದೂರದಿಂದ ನೋಡಿದವರಿಗೆ ನೀವು ಓಡುತ್ತಿರುವ ಗಾಡಿಯೆಂದೇ ಕಾಣುತ್ತದೆ, ಇಷ್ಟು ನಿಧಾನವೆಂದು ಗೊತ್ತಾಗುವಾಗ ತಡವಾಗಿರುತ್ತದೆ. ಕ್ರೇನ್ ಬರಲಿ, ಸರ್ವಿಸ್ ರಸ್ತೆಗೆ ಇಳಿಸಲಿ. ಅಷ್ಟೊತ್ತು ತಡೆಯ ಆಚೆ ಕಾಯಿರಿ.

ಸರ್ವಿಸ್ ರಸ್ತೆಯಲ್ಲಿ, ಊರೊಳಗೆ ಹಗ್ಗದಲ್ಲಿ ಎಳೆಯಲು ನಿಯಮವೇನು?

ಹತ್ತಿರದ ಗ್ಯಾರೇಜು ಅಥವಾ ಪೆಟ್ರೋಲ್ ಬಂಕಿನವರೆಗೆ ಮಾತ್ರ. ಎರಡು ಗಾಡಿಗಳ ನಡುವಿನ ಅಂತರ ಐದು ಮೀಟರ್ ದಾಟಬಾರದು. ಹಗ್ಗವೋ ಚೈನೋ ಬೇರೆಯವರಿಗೆ ಎದ್ದು ಕಾಣಬೇಕು. ನಡುವೆ ಕೆಂಪು ಬಟ್ಟೆ ಕಟ್ಟುವುದು ಒಳ್ಳೆಯದು, ಇಲ್ಲದಿದ್ದರೆ ಸ್ಕೂಟರಿನವರು ಎರಡು ಗಾಡಿಗಳ ನಡುವೆ ನುಸುಳಲು ಬರುತ್ತಾರೆ. ಮಂಡ್ಯದ ನೂರಡಿ ರಸ್ತೆಯಲ್ಲಿ ಸಂಜೆ ಹೊತ್ತು ಇದನ್ನು ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಿಂದಿನ ಗಾಡಿಯ ಬೆನ್ನಿಗೆ ಬಿಳಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ‘ಆನ್ ಟೋ’ (ಎಳೆಯಲಾಗುತ್ತಿದೆ) ಎಂಬ ಫಲಕವಿರಬೇಕು, ಅಕ್ಷರಗಳು 75 ಮಿ.ಮೀ.ಗಿಂತ ಚಿಕ್ಕದಿರಬಾರದು ಎಂದು 1989ರಿಂದಲೂ ಹೇಳಿದೆ. ವೇಗಕ್ಕೆ ಆ ನಿಯಮಗಳಲ್ಲಿ ಇದ್ದ ಮಿತಿ ಗಂಟೆಗೆ 24 ಕಿ.ಮೀ. ನನ್ನ ಸಲಹೆ 15ರಿಂದ 20. ಕತ್ತಲಾದ ಮೇಲೆ, ಮಳೆಯಲ್ಲಿ ಹಗ್ಗದ ಕೆಲಸವೇ ಬೇಡ.

ಹಗ್ಗ ಎಲ್ಲಿಗೆ ಕಟ್ಟಬೇಕು? ಎಂಥ ಹಗ್ಗ?

ಈಗಿನ ಕಾರುಗಳಲ್ಲಿ ಟೋ ಹುಕ್ ಕಣ್ಣಿಗೆ ಕಾಣುವಂತಿರುವುದಿಲ್ಲ. ಡಿಕ್ಕಿಯಲ್ಲಿ ಜಾಕ್, ಪಾನಾ ಇಟ್ಟ ಜಾಗದಲ್ಲೇ ಗೇಣುದ್ದದ, ತುದಿಯಲ್ಲಿ ಬಳೆಯಿರುವ ಕಬ್ಬಿಣದ ಸರಳೊಂದು ಇರುತ್ತದೆ. ಬಂಪರಿನ ಒಂದು ಮೂಲೆಯಲ್ಲಿ ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಅದನ್ನು ಮೀಟಿ ತೆಗೆದರೆ ಒಳಗೆ ಥ್ರೆಡ್ ಇರುವ ತೂತು ಕಾಣುತ್ತದೆ. ಹುಕ್ಕನ್ನು ಅದರೊಳಗೆ ತಿರುಗಿಸಿ, ಕೊನೆಗೆ ವೀಲ್ ಪಾನಾವನ್ನು ಬಳೆಯೊಳಗೆ ತೂರಿಸಿ ಬಿಗಿಯಿರಿ. ಕೆಲವು ಯುರೋಪಿನ ಕಂಪನಿಗಳ ಕಾರುಗಳಲ್ಲಿ ಥ್ರೆಡ್ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಅರ್ಧ ಬಿಗಿದ ಹುಕ್ ಎಳೆತಕ್ಕೆ ಬಗ್ಗಿ ಕಿತ್ತುಬರುತ್ತದೆ.

ಬಂಪರಿಗೆ, ಸಸ್ಪೆನ್ಷನ್ ಆರ್ಮ್‌ಗೆ, ಆಕ್ಸಲ್‌ಗೆ ಕಟ್ಟಬೇಡಿ. ದನ ಕಟ್ಟುವ ಹಗ್ಗ, ಬಾವಿ ಹಗ್ಗ ಬೇಡ; ಕಾರಿನ ತೂಕಕ್ಕೆ ತಕ್ಕ, ತಾಕತ್ತು ಬರೆದಿರುವ ಟೋ ಹಗ್ಗ ಒಂದನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ. ಉಕ್ಕಿನ ಕೇಬಲ್ ಹರಿದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಹಗ್ಗ ಬಿಗಿಯಾಗುವಾಗ ಅದರ ನೇರದಲ್ಲಿ ಯಾರೂ ನಿಲ್ಲಬಾರದು. ಕೇಬಲ್ ಬಳಸಲೇಬೇಕಾಗಿ ಬಂದರೆ ನಡುವೆ ಭಾರದ ಗೋಣಿಚೀಲ ಹೊದಿಸಿ. ಹರಿದರೂ ಅದರ ಬೀಸು ಕಡಿಮೆಯಾಗುತ್ತದೆ.

ಹಿಂದಿನ ಕಾರಿನಲ್ಲಿ ಸುಮ್ಮನೆ ಕೂತರೆ ಸಾಕಲ್ಲ? ತಮ್ಮನಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇದೆ, ಅವನನ್ನು ಕೂರಿಸಬಹುದೇ?

ಬೇಡ. ಕಷ್ಟದ ಕೆಲಸವಿರುವುದು ಹಿಂದಿನ ಕಾರಿನಲ್ಲೇ. ಇಬ್ಬರಲ್ಲಿ ಯಾರು ಹೆಚ್ಚು ಅನುಭವಸ್ಥರೋ ಅವರು ಹಿಂದೆ ಕೂರಬೇಕು.

ಎಂಜಿನ್ ಆಫ್ ಆದ ಕಾರಿನ ಬ್ರೇಕ್ ಹೇಗಿರುತ್ತದೆಂದು ಬಹಳ ಜನಕ್ಕೆ ಗೊತ್ತಿಲ್ಲ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ನಡೆಯುವುದು ಎಂಜಿನ್ ಓಡುವಾಗ ಸಿಗುವ ನಿರ್ವಾತದಿಂದ. ಎಂಜಿನ್ ನಿಂತ ಮೇಲೆ ಉಳಿದಿರುವ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಇಲ್ಲವೇ ಇಲ್ಲ ಎಂದಲ್ಲ, ಸೀಟಿಗೆ ಬೆನ್ನು ಕೊಟ್ಟು ಎರಡೂ ಕಾಲಲ್ಲಿ ಒತ್ತಿದಷ್ಟು ಬಲ ಬೇಕಾಗುತ್ತದೆ. ಸ್ಟೀರಿಂಗೂ ಅಷ್ಟೇ ಭಾರ. ಹೊರಡುವ ಮೊದಲು ನಿಂತಲ್ಲೇ ನಾಲ್ಕು ಸಲ ಪೆಡಲ್ ಒತ್ತಿ, ಗಟ್ಟಿಯಾದ ಮೇಲೆ ಎಷ್ಟು ಬಲ ಬೇಕೆಂದು ಕಾಲಿಗೆ ಗೊತ್ತುಮಾಡಿಕೊಳ್ಳಿ.

ಕೀಯನ್ನು ‘ಆನ್’ ಸ್ಥಾನದಲ್ಲಿಡಿ. ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ, ಮೊದಲ ತಿರುವಿನಲ್ಲೇ ಕಾರು ಚರಂಡಿಗೆ. ಬಟನ್ ಸ್ಟಾರ್ಟ್ ಕಾರಿನ ಬ್ಯಾಟರಿ ಪೂರ್ತಿ ಸತ್ತಿದ್ದರೆ ಲಾಕ್ ಬಿಡುವುದೂ ಅನುಮಾನ. ಅಂಥ ಕಾರನ್ನು ಹಗ್ಗದಲ್ಲಿ ಎಳೆಯಬೇಡಿ.

ಗಂಟೆಗೆ 25 ಕಿ.ಮೀ. ಎಂದರೆ ಸೆಕೆಂಡಿಗೆ ಏಳು ಮೀಟರ್ ಹತ್ತಿರ. ಹಗ್ಗವಿರುವುದೇ ಐದು ಮೀಟರ್. ಮುಂದಿನ ಗಾಡಿ ಗಕ್ಕನೆ ನಿಂತರೆ ಹಿಂದಿನವರಿಗೆ ಒಂದು ಸೆಕೆಂಡೂ ಇಲ್ಲ. ಅದಕ್ಕೇ ಹಿಂದಿನ ಚಾಲಕರು ಹಗ್ಗ ಸದಾ ಬಿಗಿಯಾಗಿರುವಂತೆ ಹಗುರವಾಗಿ ಬ್ರೇಕ್ ಹಿಡಿಯುತ್ತ ಬರಬೇಕು. ಮುಂದಿನವರು ನಿಲ್ಲಿಸುವ ಮೊದಲೇ ಹಿಂದಿನವರು ಬ್ರೇಕ್ ಶುರುಮಾಡಬೇಕು, ಇದಕ್ಕೊಂದು ಸನ್ನೆ ಮೊದಲೇ ಮಾತಾಡಿಕೊಳ್ಳಿ. ಫೋನ್ ಸ್ಪೀಕರಿನಲ್ಲಿಟ್ಟುಕೊಂಡು ನೆಚ್ಚಿಕೊಳ್ಳುವುದಕ್ಕಿಂತ ಕಿಟಕಿಯಿಂದ ಕೈ, ಒಂದು ಹಾರ್ನ್ ಮೇಲು. ಎಲ್‌ಎಲ್ ಇರುವವರು, ಲೈಸೆನ್ಸ್ ಇಲ್ಲದವರು ಆ ಸೀಟಿಗೆ ಬೇಡವೇ ಬೇಡ. ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ ದಂಡ ಎಂಬುದಿರಲಿ, ಅಪಘಾತವಾದರೆ ವಿಮಾ ಕಂಪನಿ ಪರಿಹಾರದ ಹಣವನ್ನು ನಿಮ್ಮಿಂದಲೇ ವಸೂಲಿ ಮಾಡಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಆಟೊಮ್ಯಾಟಿಕ್ ಕಾರು, ಎಲೆಕ್ಟ್ರಿಕ್ ಕಾರು?

ಫ್ಲಾಟ್‌ಬೆಡ್ (ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಲಾರಿ) ಬಿಟ್ಟು ಬೇರೆ ಯೋಚನೆ ಬೇಡ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಎಣ್ಣೆ ಹಾಯಿಸುವ ಪಂಪು ಎಂಜಿನ್ ಓಡಿದರೆ ಮಾತ್ರ ತಿರುಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಎಳೆದರೂ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತವೆ. ಎಲೆಕ್ಟ್ರಿಕ್ ಕಾರಿನ ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟು ಹುಟ್ಟುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಾದರೆ ನಾಲ್ಕೂ ಚಕ್ರ ನೆಲ ಬಿಟ್ಟಿರಬೇಕು.

ಗದ್ದೆ ಬದಿಯಲ್ಲಿ ಸಿಕ್ಕಿಕೊಂಡ ಕಾರನ್ನು ಟ್ರ್ಯಾಕ್ಟರಿನಲ್ಲಿ ಎಳೆಸಬಹುದೇ?

ಮಂಡ್ಯದ ಕಡೆ ಇದೇ ಮೊದಲ ಉಪಾಯ. ಪಕ್ಕದ ಹೊಲದವರನ್ನು ‘ಅಣ್ಣಾ, ಒಂಚೂರು ಎಳೆದುಕೊಡಿ’ ಎಂದರೆ ಇಲ್ಲ ಅನ್ನುವುದಿಲ್ಲ. ಕೆಸರಿನಿಂದ ರಸ್ತೆಗೆ ತರುವವರೆಗೆ ಸರಿ, ಆದರೆ ಟ್ರ್ಯಾಕ್ಟರಿನ ಬಲಕ್ಕೆ ಕಾರಿನ ಹುಕ್ ಯಾವ ಲೆಕ್ಕವೂ ಅಲ್ಲ. ಮೊದಲು ಚಕ್ರದ ಮುಂದಿನ ಮಣ್ಣು ಕೆರೆದು ದಾರಿ ಮಾಡಿ. ಹಗ್ಗದ ಸಡಿಲವನ್ನು ಇಂಚಿಂಚಾಗಿ ತೆಗೆಯಲಿ. ಕ್ಲಚ್ ಗಕ್ಕನೆ ಬಿಟ್ಟರೆ ಹುಕ್ ಕಿತ್ತುಕೊಂಡು ಬಂದು ಯಾರ ತಲೆಗಾದರೂ ಬಡಿಯಬಹುದು. ಎಳೆಯುವಾಗ ಟ್ರ್ಯಾಕ್ಟರಿನ ಹಿಂದಿನ ಕೆಳಗಿನ ಡ್ರಾಬಾರಿಗೇ (ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಪಟ್ಟಿ) ಕಟ್ಟಬೇಕು. ಎತ್ತರದಲ್ಲಿ ಕಟ್ಟಿದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಓಡಿಸುವವರ ಜೀವಕ್ಕೇ ಕುತ್ತು.

ರಸ್ತೆಗೆ ಬಂದ ಮೇಲೆ ಟ್ರ್ಯಾಕ್ಟರನ್ನು ಬಿಟ್ಟುಕೊಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್, ಬೈಕು, ಆಟೊಗಳಿಗೆ ಪ್ರವೇಶವೇ ಇಲ್ಲ. ಜೊತೆಗೆ ಹೆಚ್ಚಿನ ಟ್ರ್ಯಾಕ್ಟರುಗಳ ಇನ್ಶೂರೆನ್ಸ್ ಇರುವುದು ಕೃಷಿ ಕೆಲಸಕ್ಕೆ. ನೀವು ಐನೂರು ರೂಪಾಯಿ ಕೈಗಿಟ್ಟರೆ ಅದು ಬಾಡಿಗೆ ಕೆಲಸವಾಗುತ್ತದೆ. ಏನಾದರೂ ಹೆಚ್ಚುಕಮ್ಮಿಯಾದರೆ ಉಪಕಾರ ಮಾಡಿದ ರೈತರೇ ಸಿಕ್ಕಿಬೀಳುತ್ತಾರೆ. ಅವರನ್ನು ಆ ಪಾಡಿಗೆ ತರಬೇಡಿ.

ಹಗ್ಗ ಹಾಕಲೇಬಾರದ ಜಾಗಗಳು ನಮ್ಮ ಕಡೆ ಯಾವುವು?

ಚಾಮುಂಡಿ ಬೆಟ್ಟದ ಇಳಿಜಾರು. ಬ್ರೇಕ್ ಬಲವಿಲ್ಲದ ಕಾರು ಅಲ್ಲಿ ಮುಂದಿನ ಗಾಡಿಗೇ ಗುದ್ದುತ್ತದೆ. ಹಾಗೆಯೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆಗಳು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಸ್ಟೀರಿಂಗ್ ಭಾರವಾದ ಕಾರನ್ನು ಆ ಏರಿಯ ಮೇಲೆ ಎಳೆದುಕೊಂಡು ಹೋಗುವ ಅಗತ್ಯ ಯಾರಿಗೂ ಇಲ್ಲ. ದಸರಾ ದಿನಗಳಲ್ಲಿ ಅರಮನೆ ಸುತ್ತಲಿನ ರಸ್ತೆಗಳೂ ಬೇಡ, ಆ ನೂಕುನುಗ್ಗಲಲ್ಲಿ ಹಗ್ಗ ದಾಟಿ ನಡೆಯುವವರೇ ಹೆಚ್ಚು.

ಎಳೆಯುವಾಗ ಹಿಂದಿನ ಕಾರು ಯಾರಿಗೋ ಗುದ್ದಿತು. ಹೊಣೆ ಮುಂದಿನವರದೋ ಹಿಂದಿನವರದೋ?

ಯಾರ ಅಜಾಗರೂಕತೆಯಿಂದ ಆಯಿತು ಎಂಬುದರ ಮೇಲೆ. ಮುಂದಿನವರು ಜೋರಾಗಿ ತಿರುಗಿಸಿ ಹಿಂದಿನ ಕಾರು ಬೀಸಿಕೊಂಡು ಹೋದರೆ ಮುಂದಿನವರದು; ಹಿಂದಿನವರು ನಿದ್ದೆ ಹೋದಂತೆ ಕೂತು ಬ್ರೇಕ್ ಹಿಡಿಯದಿದ್ದರೆ ಅವರದು. ಹೆಚ್ಚಾಗಿ ಇಬ್ಬರದೂ ಇರುತ್ತದೆ. ಹಾಗಿದ್ದಾಗ ಪೆಟ್ಟು ತಿಂದವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಖೆನ್ಯೇಯ್ ಪ್ರಕರಣದಲ್ಲಿ ಹೇಳಿದೆ. ಪಾಲು ಹಂಚಿಕೊಳ್ಳುವುದು ಆಮೇಲೆ ಇವರಿವರ ಲೆಕ್ಕ.

ಸಾವುನೋವಿನ ಪರಿಹಾರಕ್ಕೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮೊತ್ತದ ಮಿತಿ ಇಲ್ಲ. ಆದರೆ ಬೇರೆಯವರ ಕಾರು, ಅಂಗಡಿ, ಗೋಡೆಗೆ ಆದ ನಷ್ಟಕ್ಕೆ ಖಾಸಗಿ ಕಾರಿನ ಪಾಲಿಸಿಯಲ್ಲಿ ಮಾಮೂಲಿ ಮಿತಿ 7.5 ಲಕ್ಷ ರೂಪಾಯಿ. ಅದರ ಮೇಲಿನದು ಕೈಯಿಂದ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕೆಂಬ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಪೆಟ್ಟು ತಿಂದವರು ತಾವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಆಸ್ಪತ್ರೆ, ಡಿಸ್ಚಾರ್ಜ್ ಎನ್ನುತ್ತ ತಡಮಾಡಬೇಡಿ.

ದುಡ್ಡು ತೆಗೆದುಕೊಳ್ಳದೆ ಸಹಾಯ ಮಾಡಿದೆ. ಆ ಕಾರಿಗೆ ಪೆಟ್ಟಾದರೆ ನಾನು ಕೊಡಬೇಕೇ?

ಕಮರ್ಷಿಯಲ್ ಗಾಡಿಯ ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ (ಸ್ವಂತ ಗಾಡಿಯ ಹಾನಿಗೂ ರಕ್ಷಣೆ ಕೊಡುವ ಪಾಲಿಸಿ) ಕೆಟ್ಟ ಗಾಡಿ ಎಳೆಯುವುದಕ್ಕೆಂದೇ ಒಂದು ಭಾಗವಿದೆ. ಒಂದೇ ಗಾಡಿ, ಅದೂ ಹಣವಿಲ್ಲದೆ ಎಳೆದರೆ, ಮೂರನೆಯವರಿಗೆ ಆಗುವ ಹಾನಿಗೆ ರಕ್ಷಣೆ ಹಿಂದಿನ ಗಾಡಿಗೂ ವಿಸ್ತರಿಸುತ್ತದೆ. ಆದರೆ ಎಳೆಸಿಕೊಂಡ ಗಾಡಿಗೆ, ಅದರೊಳಗಿನ ಸಾಮಾನಿಗೆ ಆದ ನಷ್ಟವನ್ನು ಕಂಪನಿ ಕೊಡುವುದಿಲ್ಲ. ಖಾಸಗಿ ಕಾರಿನ ಮಾಮೂಲಿ ಪಾಲಿಸಿಯಲ್ಲಿ ಈ ಭಾಗ ಇರುವುದಿಲ್ಲ, ಆದ್ದರಿಂದ ನಿಮ್ಮದನ್ನು ತೆಗೆದು ಓದಿ. ಅಪಘಾತದಲ್ಲಿ ನೆರವಾದವರನ್ನು ಕಾಯುವ, ಮೋಟಾರು ವಾಹನ ಕಾಯ್ದೆಯ 134ಎ ಕಲಮು ಗಾಯಾಳುಗಳಿಗೆ ಸಹಾಯ ಮಾಡಿದವರಿಗೆ. ಹಗ್ಗ ಕಟ್ಟಿ ಎಳೆಯುವಾಗ ಇನ್ನೊಬ್ಬರಿಗೆ ಗುದ್ದಿದರೆ ಅದು ನೆರವಿಗೆ ಬರುವುದಿಲ್ಲ. ಹಗ್ಗ ಕಟ್ಟುವ ಮೊದಲು ಕಾರಿನ ನಾಲ್ಕೂ ಕಡೆ ಫೋಟೊ ತೆಗೆದುಕೊಳ್ಳಿ, ನೆಂಟಸ್ತಿಕೆ ಕೆಡುವುದು ತಪ್ಪುತ್ತದೆ.

ಶೆಡ್ಡಿನಲ್ಲಿ ಬಹಳ ಕಾಲದಿಂದ ನಿಂತ ಕಾರು. ಇನ್ಶೂರೆನ್ಸ್ ಮುಗಿದಿದೆ. ಎಳೆಸಿಕೊಂಡು ಗ್ಯಾರೇಜಿಗೆ ಹೋಗಬಹುದೇ?

ಹಗ್ಗದಲ್ಲಿ ಬೇಡ. ರಸ್ತೆಗೆ ಇಳಿದ ಗಾಡಿಗೆ ವಿಮೆ ಇರಲೇಬೇಕು. ಇಲ್ಲದಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಫ್ಲಾಟ್‌ಬೆಡ್ ಮೇಲೆ ಹಾಕಿಸಿ.

ಎಳೆಸಿದ ಖರ್ಚನ್ನು ಇನ್ಶೂರೆನ್ಸ್ ಕೊಡುತ್ತದೆಯೇ?

ಅಪಘಾತದ ನಂತರವಾದರೆ ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯ ಮಾಮೂಲಿ ಮಿತಿ 1,500 ರೂಪಾಯಿ. ಬರೀ ಕೆಟ್ಟು ನಿಂತದ್ದಾದರೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಮಾತ್ರ. ಇದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ: ಪೆಟ್ಟಾದ ಗಾಡಿಯನ್ನು ರಿಪೇರಿಗೆ ಮೊದಲೇ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕರ ತಲೆಗೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾದಾಗ ಸಿಕ್ಕಿಕೊಂಡವರ ಪಾಡನ್ನು ನೆನೆಯಿರಿ. ನೀರು ಹೊಕ್ಕ ಎಂಜಿನನ್ನು ಸ್ಟಾರ್ಟ್ ಮಾಡಲು ನೋಡಿದರೆ, ಗೇರಿಗೆ ಹಾಕಿ ಎಳೆಸಿ ಸ್ಟಾರ್ಟ್ ಮಾಡಲು ಹೋದರೆ, ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ನೇ ಹೋಗುತ್ತದೆ. ಎಂಜಿನ್ ರಕ್ಷಣೆಯ ಆ್ಯಡ್-ಆನ್ ಇಲ್ಲದವರಿಗೆ ಆ ಹಣ ಸಿಗುವುದು ಕಷ್ಟ.

ಟೋಯಿಂಗ್‌ನವರು ತರುವಾಗ ಬಂಪರ್ ಮುರಿದರು. ‘ನಮ್ಮ ಜವಾಬ್ದಾರಿಯಲ್ಲ’ ಎಂದು ರಸೀದಿಯಲ್ಲೇ ಅಚ್ಚುಹಾಕಿಸಿದ್ದಾರೆ.

ಅಚ್ಚುಹಾಕಿಸಿದ ಮಾತ್ರಕ್ಕೆ ಹೊಣೆ ಹೋಗುವುದಿಲ್ಲ. ನಿಮ್ಮ ವಸ್ತುವನ್ನು ಒಪ್ಪಿಸಿಕೊಂಡವರು, ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕೆಂದು 1872ರ ಕರಾರು ಕಾಯ್ದೆಯ 151ನೇ ಕಲಮು ಹೇಳುತ್ತದೆ. ಹತ್ತಿಸುವ ಮುಂಚಿನ ಫೋಟೊ, ಇಳಿಸಿದ ಮೇಲಿನ ಫೋಟೊ, ರಸೀದಿ ಇಟ್ಟುಕೊಂಡು ಮೊದಲು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬಹುದು, ವಕೀಲರೇ ಬೇಕೆಂದಿಲ್ಲ.

ಎಳೆಸಿಕೊಳ್ಳುವ ಕಾರಿನಲ್ಲಿ ಮನೆಯವರು ಕೂತಿರಬಹುದೇ?

ಚಾಲಕರೊಬ್ಬರೇ. ಉಳಿದವರು ಬೇರೆ ಗಾಡಿಯಲ್ಲಿ ಬರಲಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಕಾರಿನ ಒಳಗೆ ಕೂತವರಿಗೆ ವಿಮಾ ಕಂಪನಿಯ ಹೊಣೆ ಇಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪುಗಳಿವೆ. ಮಕ್ಕಳನ್ನು ಕೂರಿಸಿಕೊಂಡು ಹಗ್ಗದಲ್ಲಿ ಹೋಗುವುದನ್ನು ನೋಡಿದಾಗ ನಿಲ್ಲಿಸಿ ಇಳಿಸಬೇಕೆನ್ನಿಸುತ್ತದೆ.

ಪೆಟ್ರೋಲ್ ಮುಗಿದ ಸ್ಕೂಟರನ್ನು ಹಿಂದಿನಿಂದ ಕಾಲು ಕೊಟ್ಟು ತಳ್ಳಿಕೊಂಡು ಹೋಗುವುದು?

ಮೈಸೂರಿನಲ್ಲಿ ದಿನಾ ಕಾಣುವ ನೋಟ, ಕಾಲೇಜು ಹುಡುಗರಂತೂ ರಿಂಗ್ ರಸ್ತೆಯಲ್ಲೇ ಮಾಡುತ್ತಾರೆ. ತಳ್ಳುವವರ ತೂಕ ಒಂದೇ ಕಾಲ ಮೇಲೆ ವಾಲಿರುತ್ತದೆ, ಇನ್ನೊಂದು ಕಾಲು ಬೇರೆ ಗಾಡಿಯ ಫುಟ್‌ರೆಸ್ಟಿನ ಮೇಲೆ. ಮುಂದಿನ ಸ್ಕೂಟರ್ ರಸ್ತೆಯ ಹಂಪ್ ಕಂಡು ಬ್ರೇಕ್ ಹಾಕಿದರೆ ಆ ಕಾಲು ಎರಡು ಗಾಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎರಡೂ ಸೇರಿ ರಸ್ತೆಯ ಅರ್ಧ ಅಗಲ ಹಿಡಿದಿರುವುದರಿಂದ ಹಿಂದಿನ ಬಸ್ಸಿಗೆ ದಾಟಲು ಜಾಗವಿರುವುದಿಲ್ಲ. ಬಂಕಿನವರೆಗೆ ಸ್ಕೂಟರಿನಿಂದ ಇಳಿದು ರಸ್ತೆಯ ಎಡ ಅಂಚಿನಲ್ಲಿ ತಳ್ಳಿಕೊಂಡೇ ಹೋಗಿ. ದೂರವಿದ್ದರೆ ಸ್ನೇಹಿತರು ಹೋಗಿ ಪೆಟ್ರೋಲ್ ತರಲಿ, ನೀವು ಗಾಡಿಯ ಹತ್ತಿರ ನೆರಳಲ್ಲಿ ನಿಂತಿರಿ.